ಸುಟ್ಟ ವಾಸನೆ, ಬಿಸಿ ಸ್ವಿಚ್, ಡಕ್ಟಲ್ಲಿ ಹೊಗೆ: ಕೇಬಲ್ ಬೆಂಕಿಯ ಮೂಲ ಹುಡುಕುದು ಹೇಗೆ

ಮಂಗಳೂರು ಉಡುಪಿ ಕಡೆ ಅಪಾರ್ಟ್‌ಮೆಂಟ್, ಅಂಗಡಿ, ಐಸ್ ಪ್ಲಾಂಟ್, ಬೈಕಂಪಾಡಿಯ ಸಣ್ಣ ಫ್ಯಾಕ್ಟರಿ ಇಂಥ ಕಡೆ ಪ್ಯಾನೆಲ್ ನೋಡ್ಕೊಳ್ಳುವವರಿಗೆ, ಅಸೋಸಿಯೇಷನ್ ಸೆಕ್ರೆಟರಿಗಳಿಗೆ, ಮತ್ತೆ ಮನೆಯಲ್ಲಿ ಎಂತದೋ ಸುಟ್ಟ ವಾಸನೆ ಬರ್ತದಲ್ಲ ಅಂತ ಮಂಡೆಬೆಚ್ಚ ಮಾಡ್ಕೊಂಡು ಕೂತವರಿಗೆ ಇದು. ಮೂಗಿಗೆ, ಕೈಗೆ, ಕಿವಿಗೆ ಮೊದಲು ಗೊತ್ತಾಗುವುದರಿಂದ ಶುರು ಮಾಡಿ, ಖರ್ಚಿಲ್ಲದ ಚೆಕ್ ಮೊದಲು, ಮೀಟರ್ ಬೇಕಾಗುವ ಚೆಕ್ ಆಮೇಲೆ ಅಂತ ಬರೆದಿದ್ದೇನೆ.

ಮಧ್ಯದಲ್ಲಿ ಅಣು ವಿದ್ಯುತ್ ಸ್ಥಾವರದ ವಿಷಯವೂ ಬರ್ತದೆ. ಅದಕ್ಕೆ ಕಾರಣ ಉಂಟು. ಕೈಗಾದಲ್ಲಿ 220 ಮೆಗಾವ್ಯಾಟಿನ 4 ಘಟಕ ಉಂಟಲ್ಲ, ಅಂಥ ಸ್ಥಾವರದಲ್ಲಿ ರಿಯಾಕ್ಟರ್ ಬಂದ್ ಮಾಡಿದ ಮೇಲೂ ಅದರ ಬಿಸಿ ಇಳಿಸ್ತಾನೇ ಇರ್ಬೇಕು, ಅದಕ್ಕೆ ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು, ಕರೆಂಟಿಗೆ ಕೇಬಲ್ ಬೇಕು, ಹಾಗಾಗಿ ಕೇಬಲ್‌ಗೆ ಬೆಂಕಿ ಬಿದ್ರೆ ಎಂತ ಆಗ್ತದೆ ಅಂತ ಅವರಷ್ಟು ಕೂತು ಯೋಚನೆ ಮಾಡಿದವರು ಬೇರೆ ಯಾರೂ ಇಲ್ಲ. ಅವರು ಪೆಟ್ಟು ತಿಂದು ಕಲಿತದ್ದು ನಮ್ಮ ಏಳು ಮಾಳಿಗೆ ಅಪಾರ್ಟ್‌ಮೆಂಟಿಗೂ ಅನ್ವಯ ಆಗ್ತದೆ. ನಾನು ನೋಡಿದ ಮಟ್ಟಿಗೆ ವಿಷಯ ಇಷ್ಟೇ: ಬೆಂಕಿ ಹತ್ತುದು ಜಾಯಿಂಟಲ್ಲಿ, ಹಬ್ಬುದು ಗೋಡೆಯ ತೂತಲ್ಲಿ. ನಾವು ಎರಡನ್ನೂ ನೋಡುದಿಲ್ಲ, ಕೇಬಲ್ ಯಾವ ಕಂಪೆನಿದು ಅಂತ ಮಾತ್ರ ನೋಡ್ತೇವೆ.

ಶುರು ಮಾಡುವ ಮೊದಲು

ಕವರ್ ತೆಗೆಯುವ ಯಾವ ಕೆಲಸ ಆದ್ರೂ ಮೇನ್ ಆಫ್ ಮಾಡಿ, ಟೆಸ್ಟರಲ್ಲಿ ಚೆಕ್ ಮಾಡಿ, ಆಮೇಲೆ ಕೈ ಹಾಕಿ. ಆ ಟೆಸ್ಟರ್ ಸರಿ ಉಂಟಾ ಅಂತ ಮೊದಲು ಕರೆಂಟ್ ಇರುವ ಸಾಕೆಟಲ್ಲಿ ನೋಡ್ಕೊಳ್ಳಿ. ಜನರೇಟರ್, ಇನ್ವರ್ಟರ್, ಸೋಲಾರ್ ಇದ್ದಲ್ಲಿ ಮೇನ್ ಒಂದು ಆಫ್ ಮಾಡಿದ್ರೆ ಸಾಕಾಗುದಿಲ್ಲ, ಇನ್ನೊಂದು ಕಡೆಯಿಂದ ಕರೆಂಟ್ ಬರ್ತಾ ಇರ್ತದೆ. ಮಳೆಗಾಲದಲ್ಲಿ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಡಿಬಿ (ಮನೆಯ ಎಲ್ಲ ಲೈನಿನ ಸ್ವಿಚ್ ಇರುವ ಬಾಕ್ಸ್) ತೆಗೀಲೇಬೇಡಿ. ಮೀಟರ್ ಮತ್ತೆ ಅದರ ಹಿಂದಿನ ಸರ್ವಿಸ್ ವೈರ್ ನಮ್ಮದಲ್ಲ, ಅದಕ್ಕೆ ಮೆಸ್ಕಾಂ 1912. ಹೊಗೆ ಅಥವಾ ಕಿಡಿ ಕಂಡ್ರೆ ಈ ಬರಹ ಪಕ್ಕಕ್ಕಿಟ್ಟು 101 ಅಥವಾ 112ಕ್ಕೆ ಫೋನ್ ಮಾಡಿ.

ಮೀನಿನ ಹಾಗಿನ ವಾಸನೆ, ಆದ್ರೆ ಅಡುಗೆಮನೆಯಲ್ಲಿ ಮೀನಿಲ್ಲ

ನಮ್ಮ ಊರಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ಇಡುದಿಲ್ಲ, ಅದಕ್ಕೇ ಮೊದಲಿಗೆ ಹಾಕಿದೆ. ಸ್ವಿಚ್, ಸಾಕೆಟ್, ಹೋಲ್ಡರ್ ಮಾಡುವ ಕೆಲವು ಪ್ಲಾಸ್ಟಿಕ್ ಅತಿಯಾಗಿ ಬಿಸಿ ಆದಾಗ ಹಳಸಿದ ಮೀನಿನ ಹಾಗಿನ ವಾಸನೆ ಬರ್ತದೆ. ಬಂದರಿನ ಹತ್ತಿರ, ಮಲ್ಪೆಯಲ್ಲಿ, ಉಳ್ಳಾಲದಲ್ಲಿ ಇರುವವರು ಪಕ್ಕದ ಮನೆಯವರು ಮೀನು ಕ್ಲೀನ್ ಮಾಡಿರ್ಬೇಕು ಅಂತ ಕಿಟಕಿ ಹಾಕ್ಕೊಂಡು ಮಲಗ್ತಾರೆ. ನೀವು ಎಂತ ಮಾಡ್ಬೇಕು ಅಂದ್ರೆ, ವಾಸನೆ ಯಾವ ಹೊತ್ತಿಗೆ ಬರ್ತದೆ ನೋಡಿ. ಗೀಸರ್ ಹಾಕಿದಾಗ, ಎಸಿ ಹಾಕಿ ಅರ್ಧ ಗಂಟೆ ಆದಾಗ ಬಂದು ಆಫ್ ಮಾಡಿದ ಮೇಲೆ ಕಮ್ಮಿ ಆದ್ರೆ ಅದು ಮೀನಲ್ಲ. ಪ್ರತಿ ಸಾಕೆಟ್ ಹತ್ತಿರ ಮೂಗು ತಂದು ನೋಡಿ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕಟುವಾಗಿ, ಗಂಟಲು ಕೆರೆಯುವ ಹಾಗೆ ವಾಸನೆ ಬಂದ್ರೆ ಅದು ಪಿವಿಸಿ, ಅಂದ್ರೆ ವೈರಿನ ಇನ್ಸುಲೇಷನ್ನೇ ಬೇಯ್ತಾ ಉಂಟು. ಇದು ಇನ್ನೂ ಮುಂದಿನ ಹಂತ. ಹುಡುಕ್ತಾ ಕೂರುದು ಬೇಡ, ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೀರಿ.

ಸಾಕೆಟ್ ಬಿಸಿ, ಪ್ಲೇಟಿನ ಬಣ್ಣ ಹೋಗಿದೆ, ಆದ್ರೆ ಎಂಸಿಬಿ ಬೀಳುದಿಲ್ಲ

ತುಂಬಾ ಜನ ಕೇಳುದು ಇದನ್ನೇ. ಇಷ್ಟು ಬಿಸಿ ಆಗ್ತದೆ, ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನಾಗಿ ಆಫ್ ಆಗುವ ಸ್ವಿಚ್) ಯಾಕೆ ಬೀಳುದಿಲ್ಲ, ಅದು ಹಾಳಾ ಅಂತ. ಎಂಸಿಬಿ ಹಾಳಲ್ಲ. ಅದು ನೋಡುದು ಎಷ್ಟು ಕರೆಂಟ್ ಹೋಗ್ತದೆ ಅಂತ, ಎಲ್ಲಿ ಬಿಸಿ ಆಗ್ತದೆ ಅಂತ ಅದಕ್ಕೆ ಗೊತ್ತಾಗುದಿಲ್ಲ. ಸ್ಕ್ರೂ ಲೂಸ್ ಆಗಿ ಅಥವಾ ಉಪ್ಪುಗಾಳಿಗೆ ಹಸಿರು ಹಿಡಿದು ಆ ಜಾಯಿಂಟಿನ ರೆಸಿಸ್ಟೆನ್ಸ್ ಬರೀ 0.2 ಓಮ್ ಆಯ್ತು ಅಂತಿಟ್ಕೊಳ್ಳಿ, 15 ಆಂಪಿಯರ್ ಹೋಗುವಾಗ ಅಲ್ಲಿ 45 ವ್ಯಾಟ್ ಬಿಸಿ ಹುಟ್ತದೆ, ಒಂದು ಸೋಲ್ಡರಿಂಗ್ ಐರನ್ ಗೋಡೆಯೊಳಗೆ ಇಟ್ಟು ಮರೆತ ಹಾಗೆ. ಕರೆಂಟ್ ಮಾತ್ರ ಅದೇ 15 ಆಂಪಿಯರ್, ಎಂಸಿಬಿ ಲೆಕ್ಕದಲ್ಲಿ ಎಲ್ಲ ಸರಿ ಉಂಟು. ಬಿಸಿ ಆದಷ್ಟು ತಾಮ್ರ ಹಿಗ್ತದೆ ಕುಗ್ತದೆ, ಸ್ಕ್ರೂ ಇನ್ನೂ ಲೂಸ್ ಆಗ್ತದೆ, ಆಕ್ಸೈಡ್ ಇನ್ನೂ ಹಿಡೀತದೆ, ತಾನಾಗಿ ಸರಿ ಆಗುವ ಪ್ರಶ್ನೆಯೇ ಇಲ್ಲ.

ಚೆಕ್ ಮಾಡುದು ಹೀಗೆ. ಲೋಡ್ ಹಾಕಿ ಅರ್ಧ ಗಂಟೆ ಬಿಟ್ಟು ಪ್ಲಾಸ್ಟಿಕ್ ಪ್ಲೇಟಿಗೆ ಕೈಯ ಹಿಂಭಾಗ ತಾಗಿಸಿ ನೋಡಿ. ಲೋಹದ ಬಾಕ್ಸಿಗೆ ಟೆಸ್ಟರ್ ಇಡದೆ ಕೈ ತಾಗಿಸ್ಬೇಡಿ. ಸ್ವಲ್ಪ ಬೆಚ್ಚಗೆ ಇರುದು ಸಹಜ, ಕೈ ಇಡ್ಲಿಕ್ಕೆ ಕಷ್ಟ ಆದ್ರೆ ಬಳಕೆ ನಿಲ್ಲಿಸಿ. ಪ್ಲಗ್ ತೆಗೆದು ಪಿನ್ ನೋಡಿ, ಒಂದು ಪಿನ್ ಮಾತ್ರ ಕಪ್ಪಾಗಿದ್ರೆ ಸಾಕೆಟ್ ಒಳಗಿನ ಕ್ಲಿಪ್ ಸಡಿಲ, ಸಾಕೆಟೂ ಪ್ಲಗ್ಗೂ ಎರಡೂ ಬದಲಿಸ್ಬೇಕು, ಒಂದನ್ನೇ ಬದಲಿಸಿದ್ರೆ ಹಳೆಯದು ಹೊಸತನ್ನು ಸುಡ್ತದೆ. ಮತ್ತೆ ಸುಟ್ಟ ವೈರಿನ ತುದಿಯನ್ನು ಹಾಗೇ ಪುನಃ ಸ್ಕ್ರೂ ಮಾಡ್ಬೇಡಿ. ತಾಮ್ರ ಹೊಳೆಯುವ ಜಾಗ, ಇನ್ಸುಲೇಷನ್ ಮೆತ್ತಗಿರುವ ಜಾಗ ಸಿಗುವವರೆಗೆ ಹಿಂದಕ್ಕೆ ಕಟ್ ಮಾಡಿ. ಉದ್ದ ಸಾಕಾಗುದಿಲ್ಲ ಅಂತಾದ್ರೆ ಹೊಸ ವೈರ್ ಎಳೀಬೇಕು.

ಭೂತದ ನೇಮಕ್ಕೆ, ಯಕ್ಷಗಾನ ಆಟಕ್ಕೆ, ಮದುವೆಗೆ ತರುವ ಉದ್ದದ ಎಕ್ಸ್‌ಟೆನ್ಷನ್ ರೀಲ್ ಉಂಟಲ್ಲ, ಅದನ್ನು ಸುತ್ತಿದ ಹಾಗೇ ಇಟ್ಟು ದೊಡ್ಡ ಲೋಡ್ ಹಾಕಿದ್ರೆ ಒಳಗಿನ ಸುತ್ತುಗಳ ಬಿಸಿ ಹೊರಗೆ ಬರ್ಲಿಕ್ಕೆ ದಾರಿಯೇ ಇಲ್ಲದೆ ಕರಗ್ತದೆ. ಪೂರ್ತಿ ಬಿಚ್ಚಿ ಹಾಸಿ.

ಎಂಸಿಬಿ ಬೀಳ್ತಾ ಉಂಟು

ಬೀಳುದು ಯಾವಾಗ ಅನ್ನುದರಲ್ಲೇ ಅರ್ಧ ಉತ್ತರ ಉಂಟು. ಮೇಲೆ ಹಾಕಿದ ಕೂಡ್ಲೆ ಟಕ್ ಅಂತ ಬಿದ್ರೆ ಶಾರ್ಟ್, ಮತ್ತೆ ಮತ್ತೆ ಹಾಕಿ ನೋಡ್ಬೇಡಿ. ಎಲ್ಲ ಪ್ಲಗ್ ತೆಗೆದು ಒಂದು ಸಲ ಹಾಕಿ, ಆಗಲೂ ಬಿದ್ರೆ ವೈರಿಂಗಲ್ಲೇ ದೋಷ, ನಿಮ್ಮ ಕೆಲಸ ಅಲ್ಲಿಗೆ ನಿಲ್ತದೆ. ಇಪ್ಪತ್ತು ನಿಮಿಷ ಆದ ಮೇಲೆ ಬಿದ್ರೆ ಓವರ್‌ಲೋಡ್, ಏಪ್ರಿಲ್ ಮೇ ಸೆಖೆಗೆ ಒಂದೇ ಲೈನಿಗೆ ಎರಡು ಎಸಿ ಹಾಕಿದಲ್ಲಿ ಇದೇ. ಮಳೆ ಬಂದಾಗ ಮಾತ್ರ ಬೀಳುದು, ಬಿಸಿಲು ಬಂದ್ರೆ ನಿಲ್ತದೆ ಅಂತಾದ್ರೆ ಅದು ಸಾಮಾನ್ಯವಾಗಿ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದ್ರೆ ಆಫ್ ಆಗುವ ಸ್ವಿಚ್), ಎಲ್ಲೋ ನೀರು ಹೋಗಿ ಲೀಕೇಜ್ ಆಗ್ತಾ ಉಂಟು, ಗೇಟ್ ಲೈಟ್, ಬಾವಿ ಪಂಪ್, ಟೆರೇಸಿನ ಸಾಕೆಟ್ ಇವನ್ನು ಒಂದೊಂದಾಗಿ ತೆಗೆದು ನೋಡಿ.

ಇಲ್ಲಿ ಒಂದು ವಿಷಯ ಖಡಾಖಂಡಿತ ಹೇಳ್ಬೇಕು. ಬೀಳ್ತದೆ ಅಂತ 16 ಆಂಪಿಯರ್ ತೆಗೆದು 32 ಹಾಕ್ಬೇಡಿ. ಗೋಡೆಯೊಳಗೆ ಇರುದು ಅದೇ 2.5 ಸ್ಕ್ವೇರ್ ಎಂಎಂ ವೈರ್, ಅದರ ಪಿವಿಸಿ ತಡೆಯುದು 70 ಡಿಗ್ರಿವರೆಗೆ. ಎಂಸಿಬಿ ಇರುದು ಫ್ರಿಜ್ಜನ್ನು ಕಾಯ್ಲಿಕ್ಕೆ ಅಲ್ಲ, ವೈರನ್ನು ಕಾಯ್ಲಿಕ್ಕೆ. ಕರೆಂಟ್ ಡಬಲ್ ಆದ್ರೆ ಬಿಸಿ ನಾಲ್ಕು ಪಟ್ಟು. ಕಿರಿಕಿರಿ ಆಗ್ತದೆ ಅಂತ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸಿಕೊಂಡ ಮನೆಗಳೂ ಇವೆ, ದಯವಿಟ್ಟು ಇವತ್ತೇ ಪುನಃ ಹಾಕಿಸಿ, ಜೀವದ ಪ್ರಶ್ನೆ ಅದು.

ಒಂದು ರೂಮಿನ ಲೈಟ್ ಡಿಮ್, ಇನ್ನೊಂದರದ್ದು ವಿಪರೀತ ಪ್ರಕಾಶ

ತ್ರೀ ಫೇಸ್ ಇರುವಲ್ಲಿ ಇದು ನ್ಯೂಟ್ರಲ್ ಕಡಿದ ಲಕ್ಷಣ. ಚೆಕ್ ಮಾಡ್ತಾ ಕೂರ್ಬೇಡಿ, ಮೇನ್ ಆಫ್. 230 ವೋಲ್ಟಿನ ಸಾಮಾನಿಗೆ 400ರ ಹತ್ತಿರ ಹೋಗುವ ಸಾಧ್ಯತೆ ಉಂಟು. ಇಡೀ ಬೀದಿಯಲ್ಲಿ ಹೀಗೆ ಆಗ್ತಾ ಉಂಟಾ ಪಕ್ಕದವರನ್ನು ಕೇಳಿ, ಹೌದಾದ್ರೆ 1912, ನಿಮ್ಮಲ್ಲಿ ಮಾತ್ರ ಆದ್ರೆ ಎಲೆಕ್ಟ್ರಿಷಿಯನ್. ಬರೀ ಮಿಣುಕುದಾದ್ರೆ ಲೂಸ್ ಜಾಯಿಂಟ್, ಮೇಲೆ ಹೇಳಿದ್ದೇ.

ಪ್ಯಾನೆಲಿಂದ ಚಿರ್ ಚಿರ್ ಶಬ್ದ, ಲಗ್ ಮೇಲೆ ಹಸಿರು

ಸಮುದ್ರದ ಹತ್ತಿರದ ಪ್ಯಾನೆಲ್ ರೂಮಿನ ಕತೆಯೇ ಬೇರೆ. ಐಸ್ ಪ್ಲಾಂಟಿನ ಒಂದು ಪ್ಯಾನೆಲ್ ಹೇಗಿತ್ತು ಅಂತ ಹೇಳ್ತೇನೆ: ಹೊರಗಿಂದ ಪೈಂಟ್ ಚಂದ ಉಂಟು, ಬಾಗಿಲು ತೆಗೆದ್ರೆ ಮೂರು ಫೇಸಿನ ಲಗ್‌ಗಳಲ್ಲಿ (ಕೇಬಲ್ ತುದಿಗೆ ಹಾಕಿ ಬೋಲ್ಟ್ ಮಾಡುವ ಲೋಹದ ತುಂಡು) ಎರಡು ಮಂಕಾಗಿವೆ ಅಷ್ಟೇ, ನಡುವಿನದ್ದಕ್ಕೆ ಬೋಲ್ಟಿನ ಸುತ್ತ ಹಸಿರು ಪುಡಿ, ಅದರ ಮೇಲಿನ ಬಣ್ಣದ ಸ್ಲೀವ್ ಸುರುಟಿ ಹಿಂದೆ ಸರಿದಿದೆ, ಅಲ್ಲಿಂದ ಎರಡು ಇಂಚು ಉದ್ದಕ್ಕೆ ಇನ್ಸುಲೇಷನ್ ಕಂದು ಬಣ್ಣ, ಉಗುರಲ್ಲಿ ಒತ್ತಿದ್ರೆ ಒಣ ಹಪ್ಪಳದ ಹಾಗೆ ಮುರೀತದೆ. ಪೂರ್ತಿ ಆಫ್ ಮಾಡಿ ಬೋಲ್ಟ್ ತಿರುಗಿಸಿದ್ರೆ ಅರ್ಧ ಸುತ್ತು ಬಂತು. ಕಾರಣ, ಅಲ್ಯೂಮಿನಿಯಂ ಕೇಬಲ್ ತುದಿಯನ್ನು ಸಾಧಾರಣ ಲಗ್ ಹಾಕಿ ಪ್ಯಾನೆಲ್ ಒಳಗಿನ ತಾಮ್ರದ ಪಟ್ಟಿಗೆ (ಬಸ್‌ಬಾರ್) ಬಿಗಿದದ್ದು. ಎರಡು ಬೇರೆ ಲೋಹ, ನಡುವೆ ಉಪ್ಪಿನ ತೇವ, ಅಲ್ಯೂಮಿನಿಯಂ ಸವೀತಾ ಹೋಗ್ತದೆ. ಅಲ್ಲಿ ಬೈಮೆಟಾಲಿಕ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ) ಲಗ್ಗೇ ಬೇಕು, ಸರಿಯಾದ ಅಚ್ಚು (ಡೈ) ಇಟ್ಟು ಒತ್ತಿ ಕ್ರಿಂಪ್ ಮಾಡ್ಬೇಕು, ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ ಲಗ್ ಲಗ್ಗೇ ಅಲ್ಲ.

ನೀವೇ ನೋಡಬಹುದಾದದ್ದು: ಬಾಗಿಲು ಮುಚ್ಚಿದ ಹಾಗೇ ಕಿವಿಗೊಟ್ಟು ಕೇಳಿ. ಸಣ್ಣ ಗುಂಯ್ ಶಬ್ದ ಕಾಂಟ್ಯಾಕ್ಟರಿಂದು (ಮೋಟಾರ್ ಆನ್ ಆಫ್ ಮಾಡುವ ಸ್ವಿಚ್), ಅದು ಇರ್ತದೆ. ಚಿರ್ ಚಿರ್, ಪಟ್ ಪಟ್ ಅಂದ್ರೆ ಆರ್ಕ್, ಒಳಗೆ ಕಿಡಿ ಹಾರ್ತಾ ಉಂಟು, ದೂರ ಸರಿದು ಆ ಪ್ಯಾನೆಲಿಗೆ ಕರೆಂಟ್ ಕೊಡುವ ಹಿಂದಿನ ಬ್ರೇಕರ್ ಆಫ್ ಮಾಡಿಸಿ. ಆಮೇಲಿನದ್ದು ಎಲೆಕ್ಟ್ರಿಷಿಯನ್ ಕೆಲಸ. ಕ್ಲ್ಯಾಂಪ್ ಮೀಟರಲ್ಲಿ ಮೂರು ಫೇಸಿನ ಕರೆಂಟ್, ಥರ್ಮಲ್ ಕ್ಯಾಮೆರಾದಲ್ಲಿ ಮೂರು ಲಗ್ಗಿನ ಬಿಸಿ. ಒಂದೇ ಲೋಡಿರುವ ಲಗ್‌ಗಳ ನಡುವೆ 15 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ನಾಳೆಗೆ ಬಿಡ್ಬೇಡಿ. ಕ್ಯಾಮೆರಾ ಖರೀದಿ ಮಾಡ್ಬೇಕಂತ ಇಲ್ಲ, ಬಾಡಿಗೆಗೆ ತಂದು ತೋರಿಸುವವರು ಇದ್ದಾರೆ, ಸೆಖೆಗಾಲದಲ್ಲಿ ಫುಲ್ ಲೋಡ್ ಇರುವಾಗ ಒಂದು ಸಲ ಮಾಡಿಸಿ. ಇನ್ಸುಲೇಷನ್ನಿನ ಮೇಲೆ ಸಂಶಯ ಇದ್ರೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ನೋಡಿಸಿ, ಎಲ್ಲ ಉಪಕರಣ ಕಳಚಿದ ಮೇಲೆ. 1 ಮೆಗಾಓಮಿಗಿಂತ ಕೆಳಗೆ ಬಂದ್ರೆ ಆ ಸರ್ಕ್ಯೂಟ್ ಆನ್ ಮಾಡ್ಲಿಕ್ಕಿಲ್ಲ.

ಕೇಬಲ್ ಟ್ರೇ ಇಡೀ ಬಿಸಿ, ಒಂದು ಜಾಗ ಅಂತ ಇಲ್ಲ

ಲೋಡ್ ಜಾಸ್ತಿ ಆದಾಗೆಲ್ಲ ಒಂದು ಕೇಬಲ್ ಎಳೆದು ಅದೇ ಟ್ರೇಗೆ ಹಾಕಿ ಹಾಕಿ ಗುಡ್ಡೆ ಮಾಡಿರ್ತಾರೆ. ಕೇಬಲ್ ಕಂಪೆನಿಯ ಪಟ್ಟಿಯಲ್ಲಿ ಕೊಟ್ಟ ಆಂಪಿಯರ್ ಒಂಟಿ ಕೇಬಲಿಗೆ, ಗಾಳಿ ಆಡುವ ಜಾಗದಲ್ಲಿ. ಹತ್ತು ಕೇಬಲ್ ಒತ್ತೊತ್ತಿ ಮಲಗಿದ್ರೆ ನಡುವಿನದ್ದಕ್ಕೆ ಅಷ್ಟು ಸಾಗುದಿಲ್ಲ, ರೇಟಿಂಗ್ ಇಳಿಸಿ ಲೆಕ್ಕ ಹಾಕ್ಬೇಕು. ಮೊದಲ ಕೆಲಸ, ಸತ್ತ ಕೇಬಲ್ ತೆಗೀರಿ. ಹಳೆ ಮೆಷಿನ್ ಹೋದ್ರೂ ಅದರ ಕೇಬಲ್ ಅಲ್ಲೇ ಇರ್ತದೆ, ಕರೆಂಟ್ ಇಲ್ಲದಿದ್ರೂ ಅದು ಉರಿಯುವ ಸಾಮಾನೇ.

ಬೆಂಕಿ ತಡೀಲಿಕ್ಕೆ ಅಂತ ಕೇಬಲಿಗೆ ದಪ್ಪ ಹೊದಿಕೆ ಸುತ್ತುವವರಿಗೂ ಒಂದು ಮಾತು. ಅಣು ಸ್ಥಾವರಗಳಲ್ಲಿ ಇದನ್ನು ಮಾಡ್ತಾರೆ, ಮಾಡುವಾಗ ಒಳಗಿನ ಬಿಸಿ ಹೊರಗೆ ಬಾರದ್ದಕ್ಕೆ ಕೇಬಲ್ ರೇಟಿಂಗ್ ಎಷ್ಟು ಇಳೀತದೆ ಅಂತ ಲೆಕ್ಕ ಮಾಡ್ತಾರೆ. ಅಮೆರಿಕದಲ್ಲಿ ಥರ್ಮೋ-ಲ್ಯಾಗ್ ಅನ್ನುವ ಹೊದಿಕೆಯನ್ನು ತುಂಬಾ ಸ್ಥಾವರಗಳು ಹಾಕಿದ್ದವು, 1990ರ ದಶಕದ ಶುರುವಿಗೆ ಪರೀಕ್ಷೆ ಮಾಡಿದಾಗ ಅದು ಹೇಳಿದಷ್ಟು ಹೊತ್ತು ತಡೀಲಿಲ್ಲ, ಹಲವು ಕಡೆ ಬದಲಿಸಿ ಬಲಪಡಿಸಬೇಕಾಯ್ತು. ಹಾಗಾಗಿ ಅಂಗಡಿಯವನು ಫೈರ್ ಪ್ರೂಫ್ ಅಂದ ಅಂತ ತಗೊಳ್ಬೇಡಿ, ಎಷ್ಟು ಗಂಟೆ, ಯಾವ ಟೆಸ್ಟ್ ಅಂತ ಸರ್ಟಿಫಿಕೇಟ್ ಕೇಳಿ.

ಸುಟ್ಟದ್ದು ಒಂದು ಕಡೆ, ಹೊಗೆ ಬಂದದ್ದು ಇನ್ನೊಂದು ಮಾಳಿಗೆಯಲ್ಲಿ

ನನಗೆ ಅತಿ ಮುಖ್ಯ ಅನಿಸುವ ಲಕ್ಷಣ ಇದು. ಗ್ರೌಂಡ್ ಫ್ಲೋರಿನ ಮೀಟರ್ ಬೋರ್ಡಲ್ಲಿ ಎಂತದೋ ಸುಟ್ಟು ಐದನೇ ಮಾಳಿಗೆಯ ಪ್ಯಾಸೇಜಲ್ಲಿ ವಾಸನೆ ಬಂದ್ರೆ, ನಿಮ್ಮ ಕಟ್ಟಡದ ಕೇಬಲ್ ಡಕ್ಟ್ (ಮಾಳಿಗೆಯಿಂದ ಮಾಳಿಗೆಗೆ ಕೇಬಲ್ ಹೋಗುವ ಗೂಡು) ಒಂದು ಹೊಗೆಕೊಳವೆ ಅಂತ ಅರ್ಥ. ಎಲ್ಲ ಆರಿ ಹೊಗೆ ನಿಂತ ಮೇಲೆ ಡಕ್ಟಿನ ಬಾಗಿಲು ತೆಗೆದು, ಯಾವುದಕ್ಕೂ ಕೈ ತಾಗಿಸದೆ, ಟಾರ್ಚ್ ಹಾಕಿ ಕೆಳಗೆ ನೋಡಿ. ಪ್ರತಿ ಮಾಳಿಗೆಯ ಸ್ಲ್ಯಾಬ್ ಮಟ್ಟದಲ್ಲಿ ಕೇಬಲಿನ ಸುತ್ತ ಮುಚ್ಚಿರ್ಬೇಕು. ಮುಚ್ಚಿರುದಿಲ್ಲ. ಕೆಳಗಿನ ಮಾಳಿಗೆಯ ಬೆಳಕು ಕಾಣ್ತದೆ, ಇಂಟರ್ನೆಟಿನವರು ಕೊರೆದ ತೂತು ಹಾಗೇ ಉಂಟು, ಒಂದು ಕಡೆ ಥರ್ಮೋಕೋಲ್ ತುರುಕಿದ್ದಾರೆ, ಇನ್ನೊಂದು ಕಡೆ ಹಳೆ ಪೇಪರ್, ಕೆಳಗೆ ಗುಡಿಸುವವರ ಮಾಪು, ಪೈಂಟ್ ಡಬ್ಬಿ.

1975ರ ಮಾರ್ಚ್ 22ರಂದು ಅಮೆರಿಕದ ಅಲಬಾಮಾದ ಬ್ರೌನ್ಸ್ ಫೆರಿ ಅಣು ಸ್ಥಾವರದಲ್ಲಿ ಆದದ್ದು ಈ ತೂತಿನ ವಿಷಯವೇ. ಕಂಟ್ರೋಲ್ ರೂಮಿನ ಕೆಳಗಿನ ಕೇಬಲ್ ರೂಮಿಂದ ರಿಯಾಕ್ಟರ್ ಕಟ್ಟಡಕ್ಕೆ ಗೋಡೆ ದಾಟುವ ಜಾಗದಲ್ಲಿ ಗಾಳಿ ಸೋರ್ತದಾ ಅಂತ ಮೇಣದಬತ್ತಿ ಹಿಡಿದು ನೋಡ್ತಾ ಇದ್ರು. ತೂತು ಮುಚ್ಚಲಿಕ್ಕೆ ಇಟ್ಟದ್ದು ಪಾಲಿಯುರೆಥೇನ್ ಫೋಮ್. ಗಾಳಿ ಜ್ವಾಲೆಯನ್ನು ಒಳಗೆ ಎಳೀತು, ಫೋಮ್ ಹತ್ತಿಕೊಂಡಿತು, ಬೆಂಕಿ ಗೋಡೆಯ ಆ ಕಡೆಗೆ ದಾಟಿತು. ಸುಮಾರು ಏಳು ಗಂಟೆ ಉರೀತು, 1600ಕ್ಕೂ ಜಾಸ್ತಿ ಕೇಬಲ್ ಹಾಳಾಯ್ತು, ಒಂದನೇ ಘಟಕದ ತುರ್ತು ಕೂಲಿಂಗ್ ವ್ಯವಸ್ಥೆ ಕೈಕೊಟ್ಟಿತು. ರಿಯಾಕ್ಟರನ್ನು ಬೇರೆ ದಾರಿಯಲ್ಲಿ ತಣ್ಣಗೆ ಮಾಡಿ ಉಳಿಸಿದ್ರು. ಆಮೇಲೆ ಅಲ್ಲಿ ಬಂದ ನಿಯಮ ಹೇಗುಂಟು ನೋಡಿ: ಸುರಕ್ಷಿತವಾಗಿ ಬಂದ್ ಮಾಡ್ಲಿಕ್ಕೆ ಒಂದು ಹೋದ್ರೆ ಇನ್ನೊಂದು ಅಂತ ಇಟ್ಟ ಎರಡು ಜೋಡಿ ಕೇಬಲಿನ ನಡುವೆ 3 ಗಂಟೆ ಬೆಂಕಿ ತಡೆಯುವ ಗೋಡೆ, ಇಲ್ಲದಿದ್ರೆ ನಡುವೆ ಉರಿಯುವ ವಸ್ತು ಏನೂ ಇಲ್ಲದ 20 ಅಡಿ ಅಂತರ, ಇಲ್ಲದಿದ್ರೆ 1 ಗಂಟೆಯ ಹೊದಿಕೆ, ಕೊನೆಯ ಎರಡಕ್ಕೂ ಹೊಗೆ ಪತ್ತೆ ಮಾಡುವ ಮತ್ತು ತಾನಾಗಿ ಬೆಂಕಿ ಆರಿಸುವ ವ್ಯವಸ್ಥೆ ಬೇಕೇ ಬೇಕು.

ನಮ್ಮ ದೇಶದಲ್ಲೂ ಆಗಿದೆ. 1993ರ ಮಾರ್ಚ್ 31ರ ಬೆಳಗಿನ ಜಾವ ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನ್ ಬ್ಲೇಡ್ ಮುರಿದು, ಜನರೇಟರನ್ನು ತಣ್ಣಗಿಡುವ ಹೈಡ್ರೋಜನ್ ಸೋರಿ, ಎಣ್ಣೆಗೆ ಬೆಂಕಿ ಬಿತ್ತು. ಆ ಬೆಂಕಿ ಕೇಬಲ್ ಹಿಡಿದು ಹೋಯ್ತು, ಬದಲಿ ವಿದ್ಯುತ್ತಿನ ಕೇಬಲ್‌ಗಳೂ ಸಾಕಷ್ಟು ಬೇರ್ಪಡಿಸದೆ ಇದ್ದದ್ದರಿಂದ ಅವೂ ಸುಟ್ಟು ಘಟಕಕ್ಕೆ ಸುಮಾರು 17 ಗಂಟೆ ಕರೆಂಟೇ ಇಲ್ಲ. ಹೊಗೆಗೆ ಕಂಟ್ರೋಲ್ ರೂಮ್ ಬಿಡಬೇಕಾಯ್ತು. ಅಲ್ಲಿನ ಸಿಬ್ಬಂದಿ ಟಾರ್ಚ್ ಹಿಡ್ಕೊಂಡು ಮೇಲೆ ಹತ್ತಿ ಕೈಯಲ್ಲೇ ವಾಲ್ವ್ ತೆರೆದು ರಿಯಾಕ್ಟರಿಗೆ ಅಣು ಕ್ರಿಯೆ ತಡೆಯುವ ಬೋರಾನ್ ದ್ರಾವಣ ಬಿಟ್ರು, ಡೀಸೆಲ್ ಫೈರ್ ಪಂಪಿನ ನೀರಲ್ಲಿ ಬಿಸಿ ಇಳಿಸಿದ್ರು. ವಿಕಿರಣ ಹೊರಗೆ ಹೋಗ್ಲಿಲ್ಲ. ಆ ಜನರ ಧೈರ್ಯ ಎಷ್ಟು ಹೇಳಿದ್ರೂ ಕಮ್ಮಿಯೇ.

ಈಗ ನಿಮ್ಮ ಕಟ್ಟಡದಲ್ಲಿ ನೋಡಿ. ಫೈರ್ ಪಂಪಿನ ಮೇನ್ ಕೇಬಲ್, ಜನರೇಟರಿಂದ ಬರುವ ಕೇಬಲ್, ಲಿಫ್ಟಿಂದು, ಎಮರ್ಜೆನ್ಸಿ ಲೈಟಿಂದು ಎಲ್ಲ ಒಂದೇ ಡಕ್ಟಲ್ಲಿ ಒಂದೇ ಟ್ರೇಯಲ್ಲಿ ಉಂಟಾ? ಉಂಟಾದ್ರೆ ಕೆಳಗೆ ಬೆಂಕಿ ಬಿದ್ದ ದಿನ ಎಲ್ಲ ಒಟ್ಟಿಗೆ ಹೋಗ್ತದೆ, ಜನರೇಟರ್ ಓಡ್ತಾ ಇದ್ರೂ ಪಂಪಿಗೆ ಕರೆಂಟ್ ಮುಟ್ಟುದಿಲ್ಲ. ಬೇರೆ ದಾರಿಯಲ್ಲಿ ಎಳೆಸಿ. ಮತ್ತೆ ಎಫ್‌ಆರ್, ಎಫ್‌ಆರ್‌ಎಲ್‌ಎಸ್ ಕೇಬಲ್ ಅಂದ್ರೆ ಬೆಂಕಿಯಲ್ಲೂ ಕೆಲಸ ಮಾಡ್ತದೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ, ಅದು ಹಾಗಲ್ಲ. ಎಫ್‌ಆರ್ ಬೆಂಕಿಯನ್ನು ಬೇಗ ಹಬ್ಬಲು ಬಿಡುದಿಲ್ಲ, ಎಫ್‌ಆರ್‌ಎಲ್‌ಎಸ್ ಹೊಗೆಯನ್ನೂ ಕಮ್ಮಿ ಮಾಡ್ತದೆ, ಅಷ್ಟೇ. ಉರಿಯುವಾಗಲೂ ಕರೆಂಟ್ ಕೊಡ್ಬೇಕಾದ್ರೆ ಮೈಕಾ ಟೇಪ್ ಸುತ್ತಿದ ಫೈರ್ ಸರ್ವೈವಲ್ ಕೇಬಲ್ಲೇ ಬೇಕು, ಬ್ರಿಟಿಷ್ ಸ್ಟ್ಯಾಂಡರ್ಡಿನ ಕಠಿಣ ಪರೀಕ್ಷೆಯಲ್ಲಿ ಅದು 950 ಡಿಗ್ರಿಯಲ್ಲಿ 3 ಗಂಟೆ ನಿಲ್ಬೇಕು. ದುಬಾರಿ ಹೌದು, ಇಡೀ ಕಟ್ಟಡಕ್ಕೆ ಬೇಡ, ಫೈರ್ ಪಂಪಿಗೆ ಎಮರ್ಜೆನ್ಸಿ ಲೈನಿಗೆ ಹಾಕಿಸಿ.

ತೂತು ಮುಚ್ಚುವಾಗ ಬಾಗಿಲ ಸಂದಿಗೆ ಹೊಡೆಯುವ ಸ್ಪ್ರೇ ಫೋಮ್ ಬೇಡ, ಬ್ರೌನ್ಸ್ ಫೆರಿಯಲ್ಲಿ ಹತ್ತಿಕೊಂಡದ್ದು ಅದರ ಜಾತಿಯದ್ದೇ. ಫೈರ್‌ಸ್ಟಾಪ್ ಮಾರ್ಟರ್, ಬಿಸಿಗೆ ಉಬ್ಬಿ ಸಂದಿ ಮುಚ್ಚುವ ಸೀಲೆಂಟ್, ಮಿನರಲ್ ವೂಲ್, ಆಗಾಗ ಕೇಬಲ್ ಸೇರಿಸುವ ಜಾಗಕ್ಕೆ ತೆಗೆದು ಹಾಕಬಹುದಾದ ಫೈರ್ ಪಿಲ್ಲೋ ಸಿಗ್ತದೆ. ತೂತು ಮುಚ್ಚಿದ್ರೆ ಇಲಿ ಓಡಾಟವೂ ನಿಲ್ತದೆ, ಇಲಿ ಕಡಿದ ಇನ್ಸುಲೇಷನ್ನಿಂದ ಶಾರ್ಟ್ ಆದದ್ದು ಹಂಚಿನ ಮಾಡಿನ ಮನೆಗಳಲ್ಲಿ ತುಂಬಾ ಉಂಟು.

ಹೊಗೆ ಕಂಡೇ ಬಿಟ್ಟಿತು

ಜನರನ್ನು ಮೆಟ್ಟಿಲಲ್ಲಿ ಇಳಿಸಿ, ಲಿಫ್ಟ್ ಬೇಡ. 101 ಅಥವಾ 112. ಸುರಕ್ಷಿತವಾಗಿ ಕೈಗೆ ಸಿಕ್ಕಿದ್ರೆ ಮಾತ್ರ ಮೇನ್ ಆಫ್. ಕರೆಂಟ್ ಇರುವವರೆಗೆ ನೀರು ಹಾಕ್ಬೇಡಿ, ಸಣ್ಣ ಬೆಂಕಿಗೆ ಸಿಒ2 ಅಥವಾ ಡ್ರೈ ಪೌಡರ್ ಸಿಲಿಂಡರ್, ಬೆನ್ನ ಹಿಂದೆ ಹೊರಗೆ ಹೋಗುವ ಬಾಗಿಲು ಇರುವ ಹಾಗೆ ನಿಂತು. ಮುಚ್ಚಿದ ಸಣ್ಣ ರೂಮಲ್ಲಿ ಸಿಒ2 ಬಿಟ್ರೆ ಬಿಟ್ಟವನಿಗೇ ಉಸಿರು ಕಟ್ತದೆ. ಡಕ್ಟ್ ಒಳಗೆ ಉರೀತಾ ಇದ್ರೆ ಬಾಗಿಲು ತೆರೀಬೇಡಿ, ಗಾಳಿ ಸಿಕ್ಕಿದ್ರೆ ಜೋರಾಗ್ತದೆ. ಪಿವಿಸಿ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರ್ತದೆ, ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿ ಒಳಗೆ ನುಗ್ಗುದು ಬೇಡ.

ಆರಿದ ಮೇಲೆ ಸುಡದೆ ಉಳಿದ ಪ್ಯಾನೆಲನ್ನು ಅದಕ್ಕೆಂತ ಆಗಿಲ್ಲ ಅಂತ ಆನ್ ಮಾಡುವ ಅವಸರ ಬೇಡ. ಆ ಹೊಗೆ ನಮ್ಮ ಗಾಳಿಯ ತೇವದೊಟ್ಟಿಗೆ ಸೇರಿ ಆಸಿಡ್ ಆಗಿ ಕಾಂಟ್ಯಾಕ್ಟ್, ಬಸ್‌ಬಾರ್, ಲಿಫ್ಟಿನ ಬೋರ್ಡ್ ಎಲ್ಲದರ ಮೇಲೂ ಕೂತಿರ್ತದೆ, ಕೆಲವು ವಾರ ಬಿಟ್ಟು ತುಕ್ಕು ಶುರು ಆಗ್ತದೆ. ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಹತ್ತಿರ ಕ್ಲೀನ್ ಮಾಡಿಸಿ, ಮೆಗ್ಗರ್ ರೀಡಿಂಗ್ ಬರಹದಲ್ಲಿ ತಗೊಂಡು, ಒಂದೊಂದೇ ಸರ್ಕ್ಯೂಟ್ ಆನ್ ಮಾಡಿಸಿ, ಮೊದಲ ದಿನ ಪ್ಯಾನೆಲ್ ರೂಮಲ್ಲಿ ಒಬ್ಬರು ಇರ್ಲಿ.